ನೂರು ಸಿಟ್-ಅಪ್‌ನಲ್ಲಿ ಹೊಟ್ಟೆಯ ಪಾಲೆಷ್ಟು?

"ಇವತ್ತು ನೂರು ಹೊಡ್ದೆ ಮಗಾ" ಅನ್ನೋ ಮಾತು ಆಫೀಸ್ ಕ್ಯಾಂಟೀನಲ್ಲಿ ದಿನಾ ಕಿವಿಗೆ ಬೀಳುತ್ತೆ. ಆ ನೂರರಲ್ಲಿ ಹೊಟ್ಟೆ ಮಾಡಿದ್ದೆಷ್ಟು, ತೊಡೆಸಂದಿನ ಸ್ನಾಯು ಮಾಡಿದ್ದೆಷ್ಟು ಅಂತ ಯಾರೂ ಕೇಳಲ್ಲ. ಆ್ಯಪ್ ಅಂತೂ ಎಣಿಸುತ್ತೆ, ಬ್ಯಾಡ್ಜ್ ಕೊಡುತ್ತೆ. ಕೋಡಿನ ಸಾಲು ಎಣಿಸಿ ಅಪ್ರೈಸಲ್ ಮಾಡೋ ಮ್ಯಾನೇಜರ್ ಥರ. ನನ್ನ ತಕರಾರು ಈ ಎಣಿಕೆ ಮೇಲೇ.

ಸಿಕ್ಸ್ ಪ್ಯಾಕ್ ಅಂತ ನಾವು ಕರೆಯೋ ಸ್ನಾಯು ಪಕ್ಕೆಲುಬಿನ ಕಡೆಯಿಂದ ಕೆಳಹೊಟ್ಟೆಯ ಮೂಳೆವರೆಗೆ ಚಾಚಿಕೊಂಡಿದೆ. ತೊಡೆಯನ್ನು ಅದು ಮುಟ್ಟೋದೇ ಇಲ್ಲ. ಹಾಗಾಗಿ ಬೆನ್ನನ್ನು ಬಗ್ಗಿಸೋದು ಅದಕ್ಕೆ ಗೊತ್ತು, ಸೊಂಟದ ಕೀಲು ಮಡಚೋದು ಗೊತ್ತಿಲ್ಲ. ಅಂಗಾತ ಮಲಗಿದವರ ಹೆಗಲು ನೆಲ ಬಿಡುವಷ್ಟರಲ್ಲಿ ಅದರ ಬಗ್ಗಿಸುವ ಕೆಲಸ ಬಹುಪಾಲು ಮುಗಿದಿರುತ್ತೆ. ಆಮೇಲೆ ಅದು ಮೈಯನ್ನು ಬಿಗಿ ಹಿಡಿದಿರುತ್ತೆ ಅಷ್ಟೇ. ಮೇಲಕ್ಕೆ ಎಳೆಯೋದು ಸೊಂಟದ ಬೆನ್ನುಮೂಳೆಯಿಂದ ತೊಡೆಮೂಳೆಗೆ ಹೋಗುವ ಸೋಯಸ್ ಮತ್ತು ಅದರ ಜೊತೆಗಾರರು. ಗೆಳೆಯ ಪಾದ ಒತ್ತಿ ಹಿಡಿದರೆ ಇವಕ್ಕೆ ಇನ್ನೂ ಅನುಕೂಲ. ಸೊಂಟದ ಮೇಲೆ ಒತ್ತಡ ಬೀಳೋದೂ ಆಗಲೇ.

ಅಮೆರಿಕದ ಸೈನ್ಯದ ಪರೀಕ್ಷೆಯಲ್ಲಿ ಎರಡು ನಿಮಿಷದ ಸಿಟ್-ಅಪ್ ದಶಕಗಳ ಕಾಲ ಇತ್ತು. ಒಬ್ಬ ಪಾದ ಹಿಡಿಯೋದು, ಇನ್ನೊಬ್ಬ ಏಳೋದು. ಅಲ್ಲಿನ ನೌಕಾಪಡೆ 2021ರಲ್ಲಿ ಈ ಜಾತಿಯ ಪರೀಕ್ಷೆ ಬಿಟ್ಟು ಪ್ಲ್ಯಾಂಕ್‌ಗೆ ಬಂತು. 2022ರಿಂದ ಸೈನ್ಯದ ಹೊಸ ಪರೀಕ್ಷೆಯಲ್ಲೂ ಹೊಟ್ಟೆಯ ಬಲ ನೋಡೋದಕ್ಕೆ ಪ್ಲ್ಯಾಂಕೇ ಗತಿಯಾಯ್ತು.

ಹಾಗಂತ ಪ್ಲ್ಯಾಂಕ್ ಮಂತ್ರದಂಡವೇನಲ್ಲ. ಅಲ್ಲೂ ನಾವು ಸೆಕೆಂಡು ಎಣಿಸೋಕೆ ಶುರು ಮಾಡಿದ್ದೀವಿ. ಸೊಂಟ ಹಳೇ ಮಂಚದ ನವಾರಿನ ಥರ ಜೋತುಬಿದ್ದರೆ ಭಾರವೆಲ್ಲ ಬೆನ್ನಿನ ಕೀಲುಗಳಿಗೆ ಹೋಗುತ್ತೆ. ಟೈಮರ್ ಮಾತ್ರ ಓಡ್ತಾನೇ ಇರುತ್ತೆ. ನಮ್ಮೂರ ಗರಡಿಮನೆಯಲ್ಲಿ ಸೊಂಟ ಜೋಲಿದ ದಂಡ ಲೆಕ್ಕಕ್ಕೇ ಬರ್ತಿರ್ಲಿಲ್ಲ. ಉಸ್ತಾದರು ಮತ್ತೆ ಒಂದರಿಂದ ಹಾಕಿಸೋರು. ಜಿಮ್ಮಿನ ಕನ್ನಡಿ ಅಷ್ಟು ನಿಷ್ಠುರಿಯಲ್ಲ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಮೇಲೆ ದಶಕಗಳ ಕಾಲ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಡುವ ಕರ್ಲ್-ಅಪ್ ನೋಡಿದರೆ ನಗು ಬರಬಹುದು. ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಇನ್ನೊಂದು ಕಾಲು ನೀಟಾಗಿ ಚಾಚಿ. ಎರಡೂ ಅಂಗೈ ಸೊಂಟದ ಕೆಳಗಿನ ಟೊಳ್ಳಿನಲ್ಲಿರಲಿ, ಆ ಟೊಳ್ಳು ಚಪ್ಪಟೆಯಾಗಬಾರದು. ತಲೆ, ಹೆಗಲು ನೆಲದಿಂದ ಒಂಚೂರು ಎತ್ತಿ, ಉಸಿರಾಡ್ತಾ ಎಂಟ್ಹತ್ತು ಸೆಕೆಂಡು ಹಿಡಿದು ಇಳಿಸಿ. ಕುತ್ತಿಗೆ ಎಳೆಯೋ ಹಾಗಿಲ್ಲ. ಫೋಟೋಗೆ ಇದು ಚೆನ್ನಾಗಿ ಕಾಣಲ್ಲ, ಹೊಟ್ಟೆಗೆ ಮಾತ್ರ ತಪ್ಪಿಸಿಕೊಳ್ಳೋಕೆ ದಾರಿಯೇ ಇರಲ್ಲ.

ಒಂದು ವಾರ ಆ್ಯಪ್ ಪಕ್ಕಕ್ಕಿಡಿ. ಯಾರೂ ಪಾದ ಹಿಡಿಯೋದು ಬೇಡ, ಜೋರಾಗಿ ಎಗರೋದೂ ಬೇಡ. ನಿಧಾನಕ್ಕೆ ಹತ್ತು ಸಲ ಎತ್ತಿ ಇಳಿಸಿ. ಸುಸ್ತು ಮೊದಲು ಎಲ್ಲಿ ಗೊತ್ತಾಗುತ್ತೆ ಅಂತ ಗಮನಿಸಿ. ಹೊಟ್ಟೆಯಲ್ಲಾದರೆ ಸರಿ. ತೊಡೆಸಂದಿನಲ್ಲೋ ಕುತ್ತಿಗೆಯಲ್ಲೋ ಆದರೆ, ನೂರು ಹೊಡೆದ ಲೆಕ್ಕ ಬೇರೆ ಯಾರದೋ ಖಾತೆಗೆ ಜಮಾ ಆಗ್ತಿದೆ ಅಂತಲೇ ಅರ್ಥ.