ಕಪ್ಪು ಗಂಡಸಿಗೊಂದು ಮನೆ

ಹೆಣ್ಣು ನೋಡಿ ಹೊರಟವರು ದಾರಿಯಲ್ಲಿ ಆಡಿಕೊಳ್ಳುವ ಮಾತೊಂದಿದೆ: "ಬಣ್ಣ ಸ್ವಲ್ಪ ಕಡಿಮೆ, ಆದರೂ ಹುಡುಗಿ ಲಕ್ಷಣವಾಗಿದ್ದಾಳೆ." ಆ 'ಆದರೂ' ಎಂಬ ಮೂರಕ್ಷರದಲ್ಲಿ ಎಷ್ಟು ಹೆಣ್ಣುಮಕ್ಕಳ ಕಣ್ಣೀರು ಇಂಗಿದೆಯೆಂದು ನಮಗೆಲ್ಲ ಗೊತ್ತು. ಗಂಡಿನ ವಿಷಯಕ್ಕೆ ಬಂದರೆ ಮಾತೇ ಬೇರೆ. "ಗಂಡಸಿಗೇನಮ್ಮ ಬಣ್ಣ? ಕೆಲಸ ನೋಡು, ಗುಣ ನೋಡು" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಕೇಳಲು ಹಿತವಾದ ಮಾತು. ಆದರೆ ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ನಮ್ಮ ನಡುಮನೆಯಲ್ಲಿ ಓಡಾಡುವ ಧಾರಾವಾಹಿಗಳ ಗಂಡಸರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಹಿರಿಯರ ತೀರ್ಪು ಅಲ್ಲಿ ನಡೆಯುವುದಿಲ್ಲ.

ಧಾರಾವಾಹಿ ನೋಡುತ್ತೇನೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ಮುಗಿಸಿ, ಮಕ್ಕಳ ನೋಟ್‌ಬುಕ್ಕುಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಟೀವಿಯ ಮುಂದೆ ಕೂರುವುದು ಎಷ್ಟೋ ವರ್ಷಗಳ ರೂಢಿ. ೧೯೯೮ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಬರುತ್ತಿದ್ದಾಗ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅದರದೇ ಚರ್ಚೆ. ಧಾರಾವಾಹಿ ನೋಡುವವರು ಬುದ್ಧಿಯಿಲ್ಲದ ಹೆಂಗಸರು ಎನ್ನುವವರೊಂದಿಗೆ ನನಗೆ ಜಗಳವಿದೆ. ನೋಡುವವಳಾದ್ದರಿಂದಲೇ ಬಯ್ಯುವ ಹಕ್ಕೂ ನನಗಿದೆ.

ನಾನು ಗಮನಿಸಿದ ಮಟ್ಟಿಗೆ ಲೆಕ್ಕ ಹೀಗಿದೆ. ನಾಯಕ ಡಾಕ್ಟರೋ ಕಂಪನಿಯ ಮಾಲೀಕನೋ ಆಗಿರುತ್ತಾನೆ; ಬಣ್ಣ ಹಾಲು ಬೆರೆಸಿದಂತೆ. ಅವನ ಅಪ್ಪ, ಚಿಕ್ಕಪ್ಪ, ತಮ್ಮ ಎಲ್ಲರೂ ಅದೇ ಅಚ್ಚಿನವರು. ಕಪ್ಪು ಗಂಡಸು ಬರುವುದು ಕಥೆಯ ಹಿತ್ತಿಲ ಬಾಗಿಲಿನಿಂದ. ಒಂದೋ ಅವನು ವಿಲನ್ ಕಳಿಸಿದ ನಾಲ್ವರು ರೌಡಿಗಳಲ್ಲಿ ಮೂರನೆಯವನು. ಇಲ್ಲವೇ ಕಾರಿನ ಬಾಗಿಲು ತೆಗೆದು ನಿಲ್ಲುವ ಡ್ರೈವರು. ಅದೂ ಇಲ್ಲವಾದರೆ ತನ್ನ ಬಣ್ಣದ ಬಗ್ಗೆ ತಾನೇ ನಗೆಚಾಟಿಕೆ ಆಡಿಕೊಳ್ಳುವ ನಾಯಕನ ಗೆಳೆಯ. ಅವನ ಹೆಸರು ನಮಗೆ ನೆನಪಿರುವುದಿಲ್ಲ, ಏಕೆಂದರೆ ಅನೇಕ ಸಲ ಹೆಸರೇ ಇಟ್ಟಿರುವುದಿಲ್ಲ.

ಕಪ್ಪು ಹೆಣ್ಣಿಗಾದರೆ ಕಥೆ ಸಿಕ್ಕಿದೆ. ಸ್ಟಾರ್ ಸುವರ್ಣದಲ್ಲಿ ೨೦೧೮ರಲ್ಲಿ ಶುರುವಾದ 'ಮುದ್ದುಲಕ್ಷ್ಮಿ' ಇಡೀ ಕಪ್ಪು ಹುಡುಗಿಯೊಬ್ಬಳ ಗೋಳಿನ ಮೇಲೆ ನಿಂತಿತ್ತು. ಅದರ ಮೂಲ ಮಲಯಾಳದ 'ಕರುತ್ತಮುತ್ತ್'. ೨೦೨೧ರಲ್ಲಿ ಕಲರ್ಸ್ ಕನ್ನಡದಲ್ಲಿ 'ಲಕ್ಷಣ' ಬಂತು. ಹೆಸರೇ ನಾನು ಮೊದಲು ಹೇಳಿದ ಮಾತಿನಿಂದ ಎತ್ತಿದ್ದು. ಕಪ್ಪು ಹುಡುಗಿ ನಕ್ಷತ್ರ, ಬೆಳ್ಳಗಿನ ಹುಡುಗಿ ಶ್ವೇತಾ, ಹುಟ್ಟುವಾಗಲೇ ಅದಲುಬದಲಾದವರು. ಎರಡರಲ್ಲೂ ನಟಿಗೆ ಕಪ್ಪು ಬಣ್ಣ ಬಳಿದು ನಿಲ್ಲಿಸಿದ್ದರು ಎನ್ನುವುದು ಬೇರೆ ವಿಷಯ. ಕಪ್ಪು ಹುಡುಗಿಯ ದುಃಖ ಬೇಕು, ಕಪ್ಪು ಹುಡುಗಿ ಬೇಡ ಎಂಬ ಲೆಕ್ಕಾಚಾರ ಅದು. ಆದರೂ ಒಂದು ಮಾತು ಒಪ್ಪಬೇಕು: ಆ ಹುಡುಗಿಯರಿಗೆ ಅಮ್ಮ ಇದ್ದಳು, ಅಡುಗೆಮನೆ ಇತ್ತು, ದೇವರ ಮುಂದೆ ನಿಂತು ಅಳುವ ಹಕ್ಕಿತ್ತು. ಅವರು ಅತ್ತರೆ ನಾವೂ ಸೆರಗಿನಿಂದ ಕಣ್ಣು ಒರೆಸಿಕೊಂಡೆವು.

ಕಪ್ಪು ಗಂಡಸಿಗೆ ಇದಾವುದೂ ಇಲ್ಲ. ಧಾರಾವಾಹಿ ಎನ್ನುವುದು ಮೂಲತಃ ಮನೆಯ ಕಥೆ. ಸಿನಿಮಾಕ್ಕೆ ಬೀದಿ ಬೇಕು, ಧಾರಾವಾಹಿಗೆ ಹಾಲು, ಅಡುಗೆಮನೆ, ದೇವರಕೋಣೆ ಸಾಕು. ಅಲ್ಲಿ ಯಾರಿಗೆ ಮನೆಯುಂಟೋ ಅವರನ್ನು ಮನುಷ್ಯರೆಂದು ತಿಳಿಯುತ್ತೇವೆ. ಆ ಮೂರನೆಯ ರೌಡಿ ಕೆಲಸ ಮುಗಿಸಿ ಎಲ್ಲಿಗೆ ಹೋಗುತ್ತಾನೆ? ಅವನಿಗೆ ಊಟ ಬಡಿಸುವವರು ಯಾರು? ಅವನ ತಂಗಿಯ ಮದುವೆ ಆಯಿತೇ? ಸಾವಿರ ಕಂತು ಓಡುವ ಧಾರಾವಾಹಿಗೂ ಇದನ್ನು ಹೇಳಲು ಪುರುಸೊತ್ತಿಲ್ಲ.

ಸಿನಿಮಾದವರು ಈ ವಿಷಯದಲ್ಲಿ ಎರಡು ಹೆಜ್ಜೆ ಮುಂದಿದ್ದಾರೆ. ೨೦೦೩ರಲ್ಲಿ ರೌಡಿಯ ಕಥೆಗೆ 'ಕರಿಯ' ಎಂದೇ ಹೆಸರಿಟ್ಟರು, ನಿಜ. ಆದರೆ ೨೦೦೭ರಲ್ಲಿ ಸೂರಿಯವರ 'ದುನಿಯಾ' ಬಂದಾಗ ವಿಜಯ್ ಎಂಬ ಕಪ್ಪು ಹುಡುಗನನ್ನು ಜನ ನಾಯಕನೆಂದು ಒಪ್ಪಿಕೊಂಡರು. ಧಾರಾವಾಹಿ ಮಾತ್ರ ತನ್ನ ಜಾಹೀರಾತುಗಳ ಮಾತನ್ನೇ ಕೇಳುತ್ತದೆ. 'ಗಂಡಸಿಗೇನು ಬಣ್ಣ' ಎಂದ ನಾಡಿನಲ್ಲೇ ೨೦೦೫ರಲ್ಲಿ ಗಂಡಸರಿಗೆಂದು ಬೆಳ್ಳಗಾಗುವ ಕ್ರೀಮು ಬಂತಲ್ಲ!

ಶಾಲೆಯಲ್ಲಿ ಇದರ ಫಲ ನನ್ನ ಕಣ್ಣೆದುರಿಗೇ ಇದೆ. ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚಿಕೊಳ್ಳಿ ಎಂದು ಮಕ್ಕಳಿಗೇ ಬಿಟ್ಟರೆ ಕಪ್ಪು ಹುಡುಗರು ತಾವಾಗಿ ರಾಕ್ಷಸರ ಸಾಲಿನಲ್ಲಿ ಹೋಗಿ ನಿಲ್ಲುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಒಂದು ವರ್ಷ ನಾನು ಹಟ ಹಿಡಿದು ಏಳನೆಯ ತರಗತಿಯ ಅಂಥ ಒಬ್ಬ ಹುಡುಗನಿಗೆ ಕೃಷ್ಣನ ಪಾತ್ರ ಕೊಟ್ಟೆ. ನಾಟಕ ಮುಗಿದ ಮೇಲೆ ತಾಯಿಯೊಬ್ಬರು ಬಂದು, "ಕೃಷ್ಣ ಅಷ್ಟು ಕಪ್ಪಾ ಮಿಸ್?" ಎಂದು ಕೇಳಿದರು. ಕೃಷ್ಣ ಎಂಬ ಪದಕ್ಕೆ ಕಪ್ಪು ಎಂದೇ ಅರ್ಥ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ೧೯೮೮ರ ಬಿ.ಆರ್. ಚೋಪ್ರಾ ಅವರ ಮಹಾಭಾರತದಿಂದ ಮೊನ್ನೆಮೊನ್ನೆಯವರೆಗೆ ಟೀವಿಯ ಕೃಷ್ಣನನ್ನೇ ನೋಡಿದವರು ಬೇರೆ ಹೇಗೆ ತಿಳಿದಾರು? ನಮ್ಮ ಹಿಂದಿನವರು ಮಕ್ಕಳಿಗೆ ಕೆಂಪಯ್ಯ ಎಂದಂತೆಯೇ ಕರಿಯಪ್ಪ, ಕರಿಬಸಪ್ಪ ಎಂದೂ ಹೆಸರಿಡುತ್ತಿದ್ದರು. ಕರಿಯಮ್ಮನ ಗುಡಿಗೆ ಕೈಮುಗಿಯುತ್ತಿದ್ದರು. ನನ್ನ ಹಾಜರಿ ಪುಸ್ತಕದಲ್ಲಿ ಈಗ ಒಬ್ಬ ಕರಿಯಪ್ಪನೂ ಇಲ್ಲ. 'ಕರಿಯ' ಉಳಿದಿರುವುದು ಆಟದ ಮೈದಾನದ ಬೈಗುಳವಾಗಿ.

ಬೇರೆ ದೇಶದವರೂ ಇದೇ ಹಾದಿ ತುಳಿದವರು. ನಾನು ಬಿ.ಎಡ್. ಓದುವ ಹೊತ್ತಿಗೆ ಕೇಬಲ್ ಹೊಸದು. ಸ್ಟಾರ್ ಚಾನಲ್ಲಿನಲ್ಲಿ ಅಮೆರಿಕದ 'ಸಾಂಟಾ ಬಾರ್ಬರಾ', 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್' ಬರುತ್ತಿದ್ದವು. ಅವುಗಳಲ್ಲೂ ದೊಡ್ಡ ಬಂಗಲೆಯ ಸಂಸಾರಗಳೆಲ್ಲ ಬಿಳಿಯರವು. ಆ ದೇಶದಲ್ಲಿ ಕಪ್ಪು ನಟರಿಗೆ ಧಾರಾವಾಹಿಯೊಳಗೆ ಕಾಲಿಡಲು ಬಹಳ ಕಾಲ ಬೇಕಾಯಿತು. ಅಲ್ ಫ್ರೀಮನ್ ಎಂಬ ಕಪ್ಪು ನಟರು 'ಒನ್ ಲೈಫ್ ಟು ಲಿವ್'ನಲ್ಲಿ ಪೊಲೀಸ್ ಅಧಿಕಾರಿಯಾಗಿ ನಟಿಸಿ ೧೯೭೯ರಲ್ಲಿ ಹಗಲು ಧಾರಾವಾಹಿಗಳ ಎಮ್ಮಿ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ನಾಯಕನಟ ಅವರೇ. ಎಂಬತ್ತರ ದಶಕದಲ್ಲಿ 'ಆಲ್ ಮೈ ಚಿಲ್ಡ್ರನ್'ನ ಜೆಸ್ಸಿ ಮತ್ತು ಆ್ಯಂಜಿ ಎಂಬ ಕಪ್ಪು ಜೋಡಿಯ ಪ್ರೇಮಕ್ಕೆ ಬಿಳಿಯ ಗೃಹಿಣಿಯರೂ ಮರುಗಿದರು. ೧೯೮೮ರಲ್ಲಿ ಜೆಸ್ಸಿಯನ್ನು ಸಾಯಿಸಿದ ಕಥೆಗಾರರು ೨೦೦೮ರಲ್ಲಿ ಅವನನ್ನು ಬದುಕಿಸಿ ಕರೆತಂದರು. (ಸತ್ತವರನ್ನು ಕರೆತರುವುದರಲ್ಲಿ ಎಲ್ಲ ದೇಶದ ಧಾರಾವಾಹಿಗಳೂ ಒಂದೇ!) ಮೊದಲ ಕಂತಿನಿಂದಲೇ ಕಪ್ಪು ಸಂಸಾರವೊಂದನ್ನು ನಡುವಿಗಿಟ್ಟ 'ಜನರೇಷನ್ಸ್' ೧೯೮೯ರಲ್ಲಿ ಬಂದು ೧೯೯೧ರಲ್ಲೇ ನಿಂತಿತು. ಅಂಥ ಇನ್ನೊಂದು, 'ಬಿಯಾಂಡ್ ದಿ ಗೇಟ್ಸ್', ಬರಲು ೨೦೨೫ರವರೆಗೆ ಕಾಯಬೇಕಾಯಿತು. ಅಂದರೆ ಅಲ್ಲಿಯೂ ಕಪ್ಪು ಗಂಡಸಿಗೆ ಮೊದಲು ಸಿಕ್ಕಿದ್ದು ಯೂನಿಫಾರ್ಮು. ಮನೆ ಸಿಕ್ಕಿದ್ದು ಬಹಳ ತಡವಾಗಿ.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ನಮ್ಮ ಉತ್ತರ ಬೆಂಗಳೂರಿನಲ್ಲೇ ಆಫ್ರಿಕಾದ ಎಷ್ಟೋ ಮಕ್ಕಳು ಓದಲು ಬಂದು ನೆಲೆಸಿದ್ದಾರೆ. ಹೆಸರಘಟ್ಟ ರಸ್ತೆ, ಹೆಣ್ಣೂರು, ಕೊತ್ತನೂರಿನ ಕಡೆ ತರಕಾರಿ ಅಂಗಡಿಯಲ್ಲಿ ನಮ್ಮ ಪಕ್ಕದಲ್ಲೇ ನಿಂತು ಟೊಮೆಟೊ ಆರಿಸುತ್ತಾರೆ. ಆದರೆ ಟೀವಿಯಲ್ಲಿ ಅವರನ್ನು ನಾವು ಕಾಣುವುದು ಧಾರಾವಾಹಿ ಮುಗಿದು ವಾರ್ತೆ ಶುರುವಾದಾಗ: ಮಾದಕವಸ್ತು, ವೀಸಾ, ಬಂಧನ. ಮುಖ ಮುಚ್ಚಿಕೊಂಡು ಪೊಲೀಸರ ನಡುವೆ ನಿಂತ ಇಬ್ಬರು ಗಂಡಸರು. ತಪ್ಪು ಮಾಡಿದವರನ್ನು ಹಿಡಿಯಲಿ, ಬೇಡವೆನ್ನುವವರಾರು? ಆದರೆ ಒಂದು ಇಡೀ ಖಂಡದ ಗಂಡಸರ ಬಗ್ಗೆ ನಮ್ಮ ನಡುಮನೆಗೆ ಬರುವ ಚಿತ್ರ ಅದೊಂದೇ ಆದರೆ?

೨೦೧೬ರ ಜನವರಿ ೩೧ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ನಡೆದದ್ದನ್ನು ಈ ಭಾಗದವರು ಮರೆಯಬಾರದು. ಸೂಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ದೊಡ್ಡ ಅನ್ಯಾಯ, ಸಿಟ್ಟು ಬರುವಂಥದೇ. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು ತಾಂಜಾನಿಯಾದ ೨೧ ವರ್ಷದ ವಿದ್ಯಾರ್ಥಿನಿ, ಜೊತೆಗೆ ಅವಳ ಗೆಳೆಯರು. ಅಪಘಾತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಗುಂಪು ಅವರನ್ನು ಎಳೆದು ಹೊಡೆಯಿತು, ಹುಡುಗಿಯ ಬಟ್ಟೆ ಹರಿಯಿತು, ಕಾರು ಸುಟ್ಟಿತು. ಸೂಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ! ಗುಂಪಿನ ಕಣ್ಣಿಗೆ ಎಲ್ಲ ಕಪ್ಪು ಮುಖವೂ ಒಂದೇ ಮುಖ. ಧಾರಾವಾಹಿಯಿಂದಲೇ ಇದಾಯಿತು ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ನೋಡುವ ಅಭ್ಯಾಸವನ್ನು ಕಥೆಗಳೇ ಕಲಿಸಬೇಕು. ಹತ್ತು ಅತ್ತೆಯರನ್ನು ಹತ್ತು ಬಗೆಯಾಗಿ ನಮಗೆ ತೋರಿಸಿದವರು ಕಪ್ಪು ಗಂಡಸನ್ನು ಒಂದೇ ಬಗೆಯಾಗಿ ತೋರಿಸಿದ್ದಾರೆ.

ಸ್ವಾರಸ್ಯವೆಂದರೆ ಆ ಕಡೆಯವರು ನಮ್ಮ ಮನೆಯೊಳಗನ್ನು ಚೆನ್ನಾಗಿ ಬಲ್ಲರು. ನಮ್ಮ ಬೀದಿಯ ಒಂದು ಮಹಡಿಯಲ್ಲಿ ಕೆಲವು ವರ್ಷಗಳ ಹಿಂದೆ ಉಗಾಂಡಾದ ಹುಡುಗನೊಬ್ಬ ಬಾಡಿಗೆಗಿದ್ದ. ಅದಕ್ಕೆ ಮುಂಚೆ ಏಳು ಕಡೆ ಮನೆ ಕೇಳಿ ಇಲ್ಲವೆನ್ನಿಸಿಕೊಂಡು ಬಂದವನು. ಒಂದು ದಿನ ನನ್ನ ಕೈಯಲ್ಲಿದ್ದ ಕುಂಕುಮದ ಪೊಟ್ಟಣ ನೋಡಿ, ಅದೇನೆಂದು ತನ್ನ ತಾಯಿಗೆ ಗೊತ್ತೆಂದ. ಹೇಗಪ್ಪ ಎಂದರೆ, ಊರಿನಲ್ಲಿ ಆಕೆ ದಿನವೂ ಹಿಂದಿಯ 'ಕುಂಕುಮ ಭಾಗ್ಯ' ನೋಡುತ್ತಾಳಂತೆ. ೨೦೧೫ರಿಂದ ಆಫ್ರಿಕಾದಲ್ಲಿ ಜೀ ವರ್ಲ್ಡ್ ಎಂಬ ಚಾನಲ್ಲು ನಮ್ಮ ಹಿಂದಿ ಧಾರಾವಾಹಿಗಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ತೋರಿಸುತ್ತಿದೆ. 'ಕುಂಕುಮ ಭಾಗ್ಯ' ಅಲ್ಲಿ 'ಟ್ವಿಸ್ಟ್ ಆಫ್ ಫೇಟ್' ಆಗಿದೆ. "ಪ್ರಜ್ಞಾ ಅತ್ತರೆ ನಮ್ಮಮ್ಮ ಊಟ ಬಿಡುತ್ತಾಳೆ" ಎಂದು ನಕ್ಕ. ಆ ಹೆಂಗಸು ಅಷ್ಟು ದೂರ ಕುಳಿತು ನಮ್ಮ ಸೊಸೆಯಂದಿರಿಗಾಗಿ ಅಳುತ್ತಿದ್ದಾಳೆ. ಅವಳ ಮಗ ನಮ್ಮ ಬೀದಿಯಲ್ಲಿ ನಡೆದು ಹೋದರೆ ನಾವು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ.

ಆಫ್ರಿಕಾ ದೂರವಾಯಿತು ಎನ್ನುವುದಾದರೆ ನಮ್ಮ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಶತಮಾನಗಳಿಂದ ಇದ್ದಾರೆ. ಕನ್ನಡ ಆಡುತ್ತಾರೆ, ಕೊಂಕಣಿ ಆಡುತ್ತಾರೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ. ಎಂಬತ್ತರ ದಶಕದಲ್ಲೇ ನೀನಾಸಂನವರು ಮಂಚಿಕೇರಿಯ ಸಿದ್ದಿಗಳಿಂದ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದ್ದರು. ನಿರ್ದೇಶನ ಚಿದಂಬರರಾವ್ ಜಂಬೆಯವರದು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ೨೦೧೧ರ 'ಪರಮಾತ್ಮ' ಚಿತ್ರದಲ್ಲಿ ನೀವೂ ನೋಡಿರಬಹುದು. ೨೦೨೧ರ 'ಸಲಗ'ದಲ್ಲಿ ಸಿದ್ದಿ ಕಲಾವಿದರ ಹಾಡು ಊರೂರಿನಲ್ಲಿ ಕುಣಿಸಿತು. ಅಂದರೆ ನಟಿಸುವವರಿಲ್ಲ ಎಂಬ ನೆಪ ನಡೆಯುವುದಿಲ್ಲ. ಆದರೆ ಕುಣಿಯುವಾಗ ಬೇಕಾದವರು ಊಟಕ್ಕೆ ಕೂರುವ ದೃಶ್ಯಕ್ಕೆ ಬೇಡವಾಗುತ್ತಾರೆ.

ಧಾರಾವಾಹಿ ಬದಲಾಗದು ಎನ್ನುವವರಿಗೆ ೨೦೨೦ನ್ನು ನೆನಪಿಸುತ್ತೇನೆ. ಆ ವರ್ಷ ಜೀ ಕನ್ನಡದಲ್ಲಿ ಅಂಬೇಡ್ಕರರ ಜೀವನದ 'ಮಹಾನಾಯಕ' ಕನ್ನಡದಲ್ಲಿ ಬಂದಾಗ ಎಷ್ಟೋ ಹಳ್ಳಿಗಳಲ್ಲಿ ಜನರೇ ದುಡ್ಡು ಹಾಕಿ ಅದರ ಬ್ಯಾನರ್ ಕಟ್ಟಿದರು. ನೋಡುವವರು ಸಿದ್ಧರಿದ್ದರು, ತೋರಿಸುವವರು ತಡವಾಗಿ ಬಂದರು.

ನಾನು ಕೇಳುವುದು ಹೆಚ್ಚೇನಲ್ಲ. ಕಪ್ಪು ಗಂಡಸನ್ನು ದೇವರು ಮಾಡಿ ಕೂರಿಸುವುದು ಬೇಡ. ಅವನ ಬಣ್ಣವನ್ನೇ ಕಥೆ ಮಾಡಿ ಮುನ್ನೂರು ಕಂತು ಅಳಿಸುವುದೂ ಬೇಡ. ಯಲ್ಲಾಪುರದಿಂದ ಬಂದು ಹೆಬ್ಬಾಳದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುವ ಒಬ್ಬ ಸಿದ್ದಿ ಹುಡುಗನಿರಲಿ. ಅವನು ಸಂಬಳದಲ್ಲಿ ಉಳಿಸಿ ತಂಗಿಯನ್ನು ಓದಿಸಲಿ, ಹೆಂಡತಿಯೊಡನೆ ಜಗಳವಾಡಲಿ, ತಪ್ಪು ಮಾಡಲಿ, ಅಮ್ಮನ ಕೈಯಲ್ಲಿ ಬೈಸಿಕೊಳ್ಳಲಿ. ಬಣ್ಣ ಬಳಿಸಿಕೊಂಡವನಲ್ಲ, ನಿಜವಾದ ಸಿದ್ದಿ ನಟನೇ ಆ ಪಾತ್ರ ಮಾಡಲಿ. ಚಾನಲ್ಲಿನವರು ನಮ್ಮನ್ನು ಎಣಿಸುವುದು ಟಿ.ಆರ್.ಪಿ. ಎಂಬ ಅಂಕಿಯಲ್ಲಿ, ಆ ಅಂಕಿ ನಾವೇ, ಸಂಜೆ ರಿಮೋಟ್ ಹಿಡಿದು ಕೂರುವ ಹೆಂಗಸರೇ. ಮುಂದಿನ ಸಲ ಆ ಮೂರನೆಯ ರೌಡಿ ತೆರೆಯ ಮೇಲೆ ಬಂದಾಗ ಪಕ್ಕದಲ್ಲಿ ಕುಳಿತ ಮಗಳನ್ನೋ ಸೊಸೆಯನ್ನೋ ಕೇಳಿ ನೋಡಿ: "ಇವನ ಮನೆ ಎಲ್ಲಿದೆಯೇ?" ಅವಳು ನಗಬಹುದು. ನಕ್ಕ ಮೇಲೆ ಒಂದಿಷ್ಟು ಯೋಚಿಸಲೂಬಹುದು.