‘ಕೆ.ಜಿ.ಎಫ್’: ಖಳನ ಕಥನ ಮತ್ತು ಸಜ್ಜನರ ಪಾಲುಗಾರಿಕೆ

ದುಷ್ಟ ವ್ಯವಸ್ಥೆಯನ್ನು ದುಷ್ಟರೇ ನಡೆಸುತ್ತಾರೆಂಬ ನಂಬಿಕೆ ಜನಪ್ರಿಯ ಕಥನಗಳ ಬಂಡವಾಳ. ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್’ ಚಲನಚಿತ್ರದ ಎರಡು ಭಾಗಗಳು (2018, 2022) ಈ ನಂಬಿಕೆಯನ್ನು ಕೋಲಾರದ ಚಿನ್ನದ ನೆಲದಲ್ಲಿ ಬಿತ್ತಿದವು. ಆ ಕಥನವನ್ನು ಗಣಿಯ ಚರಿತ್ರೆಯ ಪಕ್ಕದಲ್ಲಿರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರದ ನರಾಚಿ ಕಲ್ಪಿತ ಗಣಿ; ಅಲ್ಲಿ ಚಿನ್ನ ಪತ್ತೆಯಾಗುವುದು 1951ರಲ್ಲಿ. ಬಂದೂಕುಧಾರಿ ಕಾವಲುಗಾರರು, ಗುಲಾಮರಾದ ಕಾರ್ಮಿಕರು, ಕ್ರೂರಿ ಗರುಡ. ಅವನ ವಧೆಯೊಂದಿಗೆ ಉದ್ಧಾರಕನ ಉದಯ. ಕಲ್ಪಿಸುವ ಸ್ವಾತಂತ್ರ್ಯ ಕಲಾವಿದನಿಗೆ ಉಂಟು. ಆದರೆ ಕಲ್ಪನೆಯು ಏನನ್ನು ಮರೆಮಾಡುತ್ತದೆಂದು ಕೇಳುವುದು ವಿಮರ್ಶೆಯ ಹೊಣೆ.

ಚರಿತ್ರೆಯ ಗಣಿಗೆ ಗರುಡ ಬೇಕಾಗಿರಲಿಲ್ಲ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಿರ್ವಹಿಸಿದ ಗಣಿಗಳಲ್ಲಿ ದುಡಿದವರು ತಮಿಳು, ತೆಲುಗು ಸೀಮೆಗಳ ಬಡವರು, ಅವರಲ್ಲಿ ಬಹುಪಾಲು ದಲಿತರು. ಅವರನ್ನು ಕರೆತಂದವನು ಕಂತ್ರಾಟುದಾರ. ಹಾಜರಿ ಬರೆದವನು ಗುಮಾಸ್ತ. ಪಾಳಿ ಮುಗಿಸಿ ಮೇಲೆ ಬಂದವರ ಮೈ ಶೋಧಿಸಿದವನು ಸಂಬಳದ ಕಾವಲುಗಾರ. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಕಾರ್ಮಿಕರು ಮುಷ್ಕರ ಹೂಡಿದರು. ಕಚೇರಿಯ ದೃಷ್ಟಿಯಲ್ಲಿ ಬೆರಳಚ್ಚು ಕೇವಲ ದಾಖಲೆ. ಕೂಲಿಯವನ ಪಾಲಿಗೆ ಅದು ಕಳ್ಳನೆಂಬ ಮುದ್ರೆ. 1940ರ ದಶಕದಲ್ಲಿ ತಪಾಸಣೆಗೊಳಗಾದ 7,653 ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಆ ಶ್ವಾಸಕೋಶಗಳಲ್ಲಿ ಕಲ್ಲಿನ ದೂಳು ತುಂಬಲು ಯಾವ ಖಳನ ಗುಂಡೂ ಬೇಕಾಗಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನು ಲೋಪವಿಲ್ಲದೆ ಮಾಡಿದರೆ ಸಾಕಾಗಿತ್ತು.

ಈ ಪಾಲುಗಾರಿಕೆ ಗಣಿಯ ಬೇಲಿಯೊಳಗೇ ನಿಲ್ಲುವುದಿಲ್ಲ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕವಲೊಡೆದ ರೈಲುಮಾರ್ಗ ಗಣಿಗೆ ಆಳನ್ನೂ ಸರಕನ್ನೂ ಒದಗಿಸಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಯನ್ನು, 1905ರಲ್ಲಿ ಬೆಂಗಳೂರನ್ನು ತಲುಪಿತು. ಚಿನ್ನದ ರಾಜಧನ ಮೈಸೂರು ಸಂಸ್ಥಾನದ ಬೊಕ್ಕಸ ಸೇರಿತು. ‘ಮಾದರಿ ಸಂಸ್ಥಾನ’ವೆಂಬ ನಮ್ಮ ಹೆಮ್ಮೆಯ ಬುಡದಲ್ಲಿ ಈ ದೂಳೂ ಇದೆ.

ಐಖ್‌ಮನ್‌ನ ವಿಚಾರಣೆಯನ್ನು ಕುರಿತ ತಮ್ಮ 1963ರ ಕೃತಿಯಲ್ಲಿ ಹಾನಾ ಅರೆಂಟ್, ಕೇಡಿಗೆ ರಾಕ್ಷಸ ಸ್ವಭಾವ ಬೇಕಿಲ್ಲ, ಯೋಚಿಸದಿರುವುದೇ ಸಾಕೆಂದು ವಾದಿಸಿದರು. ನಾಜಿಗಳ ನರಮೇಧವನ್ನು ಗಣಿಯೊಂದಿಗೆ ಸಮೀಕರಿಸುವುದು ತಪ್ಪಾದೀತು. ಹೊಣೆಗಾರಿಕೆಯು ಕಡತಗಳಲ್ಲಿ ಹಂಚಿಹೋಗಿ ಕರಗುವ ಬಗೆಯನ್ನು ಅರಿಯಲು ಮಾತ್ರ ಆ ವಿವೇಚನೆ ಇಲ್ಲಿ ನೆರವಾಗುತ್ತದೆ.

ಗಣಿಗಳು 2001ರಲ್ಲಿ ಮುಚ್ಚಿದವು. ಸೈನೈಡ್ ದಿಬ್ಬಗಳು ಉಳಿದವು. ಅವುಗಳ ನಡುವೆಯೇ ಚಿತ್ರೀಕರಣಗೊಂಡ ಈ ಕಥನವು ಗರುಡನನ್ನು ಕೊಂದು ಪ್ರೇಕ್ಷಕನನ್ನು ನಿರ್ದೋಷಿಯನ್ನಾಗಿಸಿ ಮನೆಗೆ ಕಳುಹಿಸುತ್ತದೆ. ಹಾಜರಿ ಪುಸ್ತಕ ಬರೆದವನ ಕಥೆಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಅಷ್ಟು ಸುಲಭದ ಬಿಡುಗಡೆ ದೊರೆಯಲಾರದು.