ಇಡ್ಲಿಯ ತವರುಮನೆ

ಇಡ್ಲಿ ನಮ್ಮದಲ್ಲ, ಇಂಡೋನೇಷ್ಯಾದ್ದು ಎಂಬ ಮಾತನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಈ ಮಾತನ್ನು ಎತ್ತಿದವರು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ. ಟಿ. ಆಚಾಯ. 1994ರಲ್ಲಿ ಅವರು ಭಾರತದ ಆಹಾರದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. ಹಳಗನ್ನಡ ಗ್ರಂಥಗಳ ತಿಂಡಿ ತಿನಿಸುಗಳನ್ನು ಜಗತ್ತಿಗೆ ತೋರಿಸಿದ ಪುಣ್ಯ ಅವರದು. ಆದರೂ ಇಡ್ಲಿಯ ವಿಷಯದಲ್ಲಿ ಅವರ ವಾದ ನನಗೆ ಒಪ್ಪಿಗೆಯಾಗಲಿಲ್ಲ.

ಅವರು ಹೇಳುವುದು ಇಷ್ಟು. ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯ ಮಾಡುವ ಕ್ರಮವನ್ನೂ ಕೊಟ್ಟಿದ್ದಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸುವುದು. ಆದರೆ ಅಕ್ಕಿಯಿಲ್ಲ, ಹೊತ್ತುಗಟ್ಟಲೆ ಹುಳಿ ಬರಿಸುವುದಿಲ್ಲ, ಹಬೆಯಿಲ್ಲ. ವಧು ಹುಡುಕಲು ಇತ್ತ ಬರುತ್ತಿದ್ದ ಇಂಡೋನೇಷ್ಯಾದ ಹಿಂದೂ ಅರಸರ ಅಡಿಗೆಯವರು ಈ ವಿದ್ಯೆಯನ್ನು ತಂದಿರಬಹುದು ಎಂಬುದು ಅವರ ಊಹೆ.

ಒಲೆಯ ಮುಂದೆ ನಿಂತವಳು ಇದನ್ನು ಓದಿದರೆ ಏನೆಂದಾಳು? ಮಜ್ಜಿಗೆಯಲ್ಲಿ ನೆನೆದ ಉದ್ದು ನಮ್ಮ ಕೊಪ್ಪಳದ ಸೆಖೆಯಲ್ಲಿ ಹುಳಿ ಬಾರದೆ ಇರುತ್ತದೆಯೇ? ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದರೆ ಹಬೆಗೆ ಬೇರೆ ಪಾತ್ರೆ ಏತಕ್ಕೆ? ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಅಕ್ಕಿಯಿಲ್ಲದ ಮನೆಗಳಲ್ಲೂ ಜೋಳದ ಹಿಟ್ಟು ಹುಳಿಬಂದು ಅಂಬಲಿಯಾಗುತ್ತಿತ್ತು. ಗಂಗಾವತಿ ಭತ್ತದ ಕಣಜವಾದದ್ದು 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ. ಹುಳಿ ಬರಿಸಲು ನಮ್ಮವರು ಅಕ್ಕಿಗಾಗಿ ಕಾಯಲಿಲ್ಲ.

ಇನ್ನು ಆ ಕಡೆಯ ಊಟ ನೋಡಿ. ಜಾವಾದ ಹೆಸರುವಾಸಿ ತೆಂಪೆ ಸೋಯಾ ಕಾಳಿನದು. ಅದಕ್ಕೆ ಬೂಷ್ಟಿನ ಹೆಪ್ಪು ಬೇಕು. ಇಡ್ಲಿಯ ಹಿಟ್ಟು ತಾನಾಗಿಯೇ ಉಬ್ಬುತ್ತದೆ. ಮಲಯದವರು ತೆಂಗಿನ ಗರಿ ಹೆಣೆದು ಅದರೊಳಗೆ ಅಕ್ಕಿ ಬೇಯಿಸಿ ಕೆತುಪತ್ ಮಾಡುತ್ತಾರೆ; ನಮ್ಮ ಕರಾವಳಿಯವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುತ್ತಾರೆ. ಅಲ್ಲಿನ ಪುತು ಮಾಯಮ್ ನಮ್ಮ ಒತ್ತುಶಾವಿಗೆಯೇ. ದಕ್ಷಿಣ ಭಾರತದಿಂದ ಹೋದವರು ಒಯ್ದದ್ದು. ಹಡಗುಗಳು ಎರಡೂ ಕಡೆಗೆ ಓಡಾಡಿವೆ.

ಇಡ್ಲಿ ಹೊರಗಿನಿಂದ ಬಂದಿದ್ದರೂ ನನಗೆ ಅವಮಾನವಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂತು. ಹಾಗೆಂದು ಮಂಡಕ್ಕಿಯ ಜೊತೆಯ ಮಿರ್ಚಿ ಭಜಿ ನಮ್ಮದಲ್ಲ ಎನ್ನಲಾದೀತೇ? ನನ್ನ ತಕರಾರು ಬೇರೆ. ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಸೇರಿ ಹದಿನೆಂಟು ಬಗೆ ಬಡಿಸುವವಳು ಒಬ್ಬ ಹೆಂಗಸು ಎಂದು ಆಚಾಯರೇ ಬರೆದಿದ್ದಾರೆ. ಆದರೆ ಹೊಸ ವಿದ್ಯೆಯ ಮಾತು ಬಂದಾಗ ಅವರಿಗೆ ನೆನಪಾದವರು ಅರಸರ ಅಡಿಗೆಯವರು. ರುಬ್ಬುವವಳು, ಹಿಟ್ಟಿನ ಹದ ನೋಡುವವಳು ಯಾವ ಶಾಸನದಲ್ಲೂ ಇಲ್ಲ. ಆದ್ದರಿಂದ ಅವಳು ಏನನ್ನೂ ಕಂಡುಹಿಡಿದಿಲ್ಲ ಎಂದಾಗಿಬಿಡುತ್ತದೆ.

ನಿಮ್ಮ ಅವ್ವ, ಅತ್ತೆ ಹಿಟ್ಟಿಗೆ ಎಷ್ಟು ಉದ್ದು ಹಾಕುತ್ತಾರೆ, ಚಳಿಗಾಲದಲ್ಲಿ ಹೇಗೆ ಹುಳಿ ಬರಿಸುತ್ತಾರೆ ಎಂಬುದನ್ನು ಅವರ ಹೆಸರಿನ ಸಮೇತ ಒಂದು ವಹಿಯಲ್ಲಿ ಬರೆದಿಡಿ. ಮುಂದೆ ಬರುವ ಪಂಡಿತರಿಗೆ ಊಹಿಸುವ ಕಷ್ಟವಾದರೂ ತಪ್ಪೀತು.